ಹಳೆ ಜೀಪಿನ ಹುಚ್ಚಿಗೆ ಮನೆಯ ಹೆಂಗಸರ ಬಂಗಾರ ಯಾಕೆ?

ರವಿವಾರ ಬೆಳಗ್ಗೆ ಬಾಬಾಬುಡನ್‌ಗಿರಿ ರಸ್ತೆಯ ಕೈಮರ ಚೆಕ್‌ಪೋಸ್ಟ್ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಬೆಂಗಳೂರಿನಿಂದ, ಮಂಗಳೂರಿನಿಂದ, ಕೇರಳದಿಂದ ಬಂದ ಗಾಡಿಗಳು ಒಂದರ ಹಿಂದೆ ಒಂದು ಹತ್ತುತ್ತಿರುತ್ತವೆ. ಅದರಲ್ಲಿ ಅರ್ಧ ಕೋಟಿಯ ಕಾರೂ ಉಂಟು. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಹಿಂದಿನಿಂದ ಒಂದು ಹಳೆ ವಿಲ್ಲೀಸ್ ಜೀಪು ಗುರ್ ಗುರ್ ಎಂದು ಬಂದರೆ ಸಾಕು, ಹುಡುಗರ ಮೊಬೈಲುಗಳೆಲ್ಲ ಆ ಕಡೆ ತಿರುಗುತ್ತವೆ. ಎಪ್ಪತ್ತು ವರ್ಷ ಹಳೆಯ ತಗಡಿಗೆ ಇರುವ ಮರ್ಯಾದೆ ಹೊಸ ಕಾರಿಗೆ ಇಲ್ಲ.

ಈ ಹುಚ್ಚು ಈಗ ನಮ್ಮ ಮನೆಗಳಿಗೂ ಬಂದಿದೆ. ಕೊಟ್ಟಿಗೆಹಾರ, ಮೂಡಿಗೆರೆ, ಬಾಳೆಹೊನ್ನೂರು, ಕಳಸ ಎಲ್ಲ ಕಡೆಯ ನಮ್ಮ ಹುಡುಗರು ಹಳೆ ಜೀಪು ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಿದ್ದಾರೆ. ಗಲ್ಫಿನಲ್ಲಿ ಇರುವವರು ಅಲ್ಲಿಂದಲೇ ಫೋಟೊ ತರಿಸಿ ವ್ಯಾಪಾರ ಕುದುರಿಸುತ್ತಾರೆ. ಇಶಾ ನಮಾಝ್ ಮುಗಿಸಿ ಪಳ್ಳಿಯ ಮೆಟ್ಟಿಲಲ್ಲಿ ಕೂತರೆ ಬರುವ ಪ್ರಶ್ನೆಗಳೂ ಬದಲಾಗಿವೆ. 'ಉಸ್ತಾದ್, ಇಂಥ ಗಾಡಿ ಇಟ್ಟುಕೊಂಡರೆ ಇಸ್ರಾಫ್ ಆಗುತ್ತದಾ?', 'ಇದಕ್ಕೆ ಝಕಾತ್ ಉಂಟಾ?' ಅಲಿಫ್ ಬಾ ಕಲಿಸುವವರಿಗೆ ಗಾಡಿಯ ಉಸಾಬರಿ ಯಾಕೆ ಎಂದು ಯಾರಾದರೂ ಕೇಳಬಹುದು. ಕೇಳಿದ್ದಕ್ಕೆ ಉತ್ತರ ಕೊಡುವುದೇ ನಮ್ಮ ಕೆಲಸ, ಅದಕ್ಕೆ ಬರೆಯುತ್ತಿದ್ದೇವೆ.

ಮೊದಲು ಈ ಹುಚ್ಚು ಎಂತದ್ದು ಎಂದು ತಿಳಿದುಕೊಳ್ಳಬೇಕು. ಗೊತ್ತಿಲ್ಲದ್ದನ್ನೆಲ್ಲ ಹರಾಮ್ ಎಂದು ಹೇಳಿ ಎದ್ದು ಹೋಗುವುದು ಸುಲಭ. ಅದರಿಂದ ಹುಡುಗರು ನಮ್ಮ ಹತ್ತಿರ ಕೇಳುವುದನ್ನು ಬಿಡುತ್ತಾರೆಯೇ ಹೊರತು ಗಾಡಿ ತೆಗೆಯುವುದನ್ನು ಬಿಡುವುದಿಲ್ಲ.

ಜಗತ್ತಿನಲ್ಲಿ ಅಪರೂಪದ ಓಟದ ಕಾರುಗಳ ಹಿಂದೆ ಹೋಗುವವರ ದೊಡ್ಡ ಬಳಗವೇ ಉಂಟು. ಇಟಲಿಯ ಫೆರಾರಿ ಕಂಪೆನಿ 1962ರಿಂದ 1964ರ ಒಳಗೆ 250 ಜಿಟಿಒ ಎಂಬ ಕಾರನ್ನು ಬರೀ 36 ಮಾಡಿತು. ಅದರಲ್ಲಿ ಒಂದು 2018ರ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಮರ್ಸಿಡಿಸ್‌ನವರು 1955ರಲ್ಲಿ 300 ಎಸ್ಎಲ್ಆರ್ ಎಂಬ ಓಟದ ಕಾರಿಗೆ ಮುಚ್ಚಿದ ಬಾಡಿ ಕೂರಿಸಿ ಎರಡೇ ಎರಡು ಕಾರು ಮಾಡಿದ್ದರು. ಅದೇ ವರ್ಷ ಕಂಪೆನಿ ರೇಸ್ ಬಿಟ್ಟಿತು. ರುಡಾಲ್ಫ್ ಉಲೆನ್‌ಹೌಟ್ ಎಂಬ ಅಲ್ಲಿನ ಇಂಜಿನಿಯರ್ ಒಂದನ್ನು ತನ್ನ ಓಡಾಟಕ್ಕೆ ಇಟ್ಟುಕೊಂಡ. 2022ರಲ್ಲಿ ಆ ಎರಡರಲ್ಲಿ ಒಂದನ್ನು ಮಾರಿದಾಗ ಬಂದದ್ದು 13 ಕೋಟಿ 50 ಲಕ್ಷ ಯೂರೊ. ನಮ್ಮ ರೂಪಾಯಿಯಲ್ಲಿ ಆಗಿನ ಲೆಕ್ಕಕ್ಕೆ ಸುಮಾರು 1,100 ಕೋಟಿ. ಒಂದು ಕಾರಿಗೆ ಮಾರಾಯ್ರೆ! ಆ ಹಣದಿಂದ ಮಕ್ಕಳ ವಿದ್ಯಾರ್ಥಿವೇತನಕ್ಕೆ ನಿಧಿ ಇಡುತ್ತೇವೆ ಎಂದು ಕಂಪೆನಿ ಹೇಳಿತು. ಈ ಕೊನೆಯ ಮಾತನ್ನು ಯಾವ ರೀಲ್‌ನಲ್ಲೂ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ.

ಆ ಕಾರು ಅಷ್ಟು ಬೆಲೆ ಬಾಳುವುದು ವೇಗಕ್ಕಲ್ಲ. ಅದಕ್ಕಿಂತ ವೇಗದ ಕಾರು ಈಗ ಬೇಕಾದಷ್ಟು ಉಂಟು. ಅದರ ಬೆಲೆ ಇರುವುದು ಇನ್ನೊಂದು ಸಿಗುವುದಿಲ್ಲ ಎಂಬುದರಲ್ಲಿ, ಅದನ್ನು ಮಾಡಿದ ಕೈಗಳಲ್ಲಿ, ಅದರ ಹಿಂದಿನ ಕತೆಯಲ್ಲಿ.

ನಮ್ಮ ಬೆಟ್ಟದಲ್ಲಿ ಅಂಥ ಕತೆ ಇರುವ ಗಾಡಿ ಎಂದರೆ ಜೀಪು. ಫೆರಾರಿ ತಂದರೆ ಅತ್ತಿಗುಂಡಿ ದಾಟುವ ಮೊದಲೇ ಹೊಟ್ಟೆ ಉಜ್ಜಿಕೊಂಡು ನಿಲ್ಲುತ್ತದೆ. ವಿಲ್ಲೀಸ್ ಎಂಬಿ ಜೀಪು 1941ರಿಂದ 1945ರವರೆಗೆ ಎರಡನೇ ಮಹಾಯುದ್ಧಕ್ಕಾಗಿ ತಯಾರಾದದ್ದು. ಅದೇ ನಮೂನೆಯನ್ನು ಫೋರ್ಡ್ ಕಂಪೆನಿಯೂ ಮಾಡಿತು. ಇಬ್ಬರದ್ದೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಜೀಪುಗಳು ಕಾಫಿ ತೋಟದ ಧಣಿಗಳ ಕೈಗೆ ಬಂದವು. ಸ್ಟೀರಿಂಗ್ ಎಡಕ್ಕೆ, ಅರವತ್ತು ಕುದುರೆ ಶಕ್ತಿಯ ಪೆಟ್ರೋಲ್ ಎಂಜಿನ್, ನಾಲ್ಕು ಚಕ್ರಕ್ಕೂ ಎಳೆತ. ಗೊತ್ತಿರುವವರು ಮುಂದಿನ ಜಾಲರಿಯ ಸೀಳು ಎಣಿಸುತ್ತಾರೆ. ಒಂಬತ್ತು ಇದ್ದರೆ ಯುದ್ಧದ ಗಾಡಿ, ಏಳು ಇದ್ದರೆ ಆಮೇಲೆ ಜನಸಾಮಾನ್ಯರಿಗೆ ಮಾಡಿದ್ದು. ಫೋರ್ಡ್ ಮಾಡಿದ ಜೀಪಿನ ಬೋಲ್ಟುಗಳ ಮೇಲೂ 'ಎಫ್' ಅಕ್ಷರ ಇರುತ್ತದೆ. ಆ ಒಂದು ಅಕ್ಷರಕ್ಕಾಗಿ ಗಾಡಿಯ ಅಡಿಗೆ ಟಾರ್ಚ್ ಹಿಡಿದು ಮಲಗುವವರು ಉಂಟು.

ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು ಹೇಳಲೇಬೇಕು. ಜೀಪನ್ನು ಭಾರತದಲ್ಲಿ ಜೋಡಿಸಿದ ಮಹೀಂದ್ರಾ ಕಂಪೆನಿ 1945ರಲ್ಲಿ ಶುರುವಾದಾಗ ಅದರ ಹೆಸರು 'ಮಹೀಂದ್ರಾ ಆ್ಯಂಡ್ ಮೊಹಮ್ಮದ್'. ಪಾಲುದಾರರಾಗಿದ್ದ ಮಲಿಕ್ ಗುಲಾಂ ಮುಹಮ್ಮದ್ ದೇಶ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಹಣಕಾಸು ಮಂತ್ರಿಯಾದರು, ಆಮೇಲೆ ಗವರ್ನರ್ ಜನರಲ್ ಆದರು. 1948ರಲ್ಲಿ ಕಂಪೆನಿಯ ಎರಡನೇ 'ಎಂ' ಕೂಡ ಮಹೀಂದ್ರಾ ಆಯಿತು. ಬಾನೆಟ್ ಎತ್ತರ ಇರುವ ಸಿಜೆ3ಬಿ ಜೀಪು ಅಮೆರಿಕದಲ್ಲಿ 1968ರಲ್ಲಿ ನಿಂತರೂ ಇಲ್ಲಿ ಎಷ್ಟೋ ವರ್ಷ ತಯಾರಾಗುತ್ತಲೇ ಇತ್ತು. ನಮ್ಮ ಕಡೆ 'ವಿಲ್ಲೀಸ್' ಎಂದು ಕರೆಯುವುದರಲ್ಲಿ ಹೆಚ್ಚಿನವು ಇದೇ.

ಈ ಜೀಪು ಮಲೆನಾಡಿನಲ್ಲಿ ಏನೆಲ್ಲ ಹೊತ್ತಿದೆ! ಕಾಫಿ ಮೂಟೆ, ಕರಿಮೆಣಸು, ಲೈನ್‌ಮನೆಯ ರೇಷನ್, ಹೆರಿಗೆ ನೋವು ಬಂದ ಹೆಂಗಸು, ಮಳೆಗಾಲದಲ್ಲಿ ಪಳ್ಳಿಗೆ ತರಬೇಕಾದ ಮಯ್ಯಿತ್, ಮದುವೆಯ ದಿನ ಅತ್ತರು ಹಚ್ಚಿಕೊಂಡ ಪುದಿಯಾಪ್ಲೆ. ಚಾರ್ಮಾಡಿ ಹತ್ತಿ ವ್ಯಾಪಾರಕ್ಕೆ ಬಂದ ನಮ್ಮ ಹಿರಿಯರಲ್ಲಿ ಜೀಪಿನ ಮಾಲಕರಾಗಿದ್ದವರು ಕಡಿಮೆ. ಡ್ರೈವರ್ ಆಗಿದ್ದವರು, ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿಕೊಂಡವರು ಹೆಚ್ಚು. ಆದ್ದರಿಂದ ಇವತ್ತು ಒಬ್ಬ ಬ್ಯಾರಿ ಹುಡುಗ ತನ್ನ ಅಜ್ಜ ಓಡಿಸಿದ ಗಾಡಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು ಎಂದು ಆಸೆಪಟ್ಟರೆ ಅದನ್ನು ತಮಾಷೆ ಮಾಡಲು ನಮಗೆ ಮನಸ್ಸಿಲ್ಲ.

ದೀನ್ ಕೂಡ ಆ ಆಸೆಗೆ ಬಾಗಿಲು ಹಾಕಿಲ್ಲ. ಸೂರಃ ಅನ್ನಹ್ಲ್‌ನ ಎಂಟನೇ ಆಯತ್ತಿನಲ್ಲಿ ಅಲ್ಲಾಹನು ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಸವಾರಿಗೂ ಅಲಂಕಾರಕ್ಕೂ ಸೃಷ್ಟಿಸಿದ್ದಾಗಿ ತಿಳಿಸಿದ್ದಾನೆ. ಬರೀ ಸವಾರಿಗೆ ಎಂದಿದ್ದರೆ ನಮ್ಮ ಉತ್ತರ ಬೇರೆ ಇರುತ್ತಿತ್ತು. ವಾಹನದ ಚಂದ ನೋಡಿ ಮನಸ್ಸು ಅರಳುವುದು ತಪ್ಪಲ್ಲ. ಸುಲೈಮಾನ್ ನಬಿ (ಅ.ಸ.) ಅವರ ಮುಂದೆ ಉತ್ತಮ ತಳಿಯ ಕುದುರೆಗಳನ್ನು ಸಂಜೆ ಹೊತ್ತು ತಂದು ನಿಲ್ಲಿಸಿದ ವಿಷಯ ಸೂರಃ ಸ್ವಾದ್‌ನಲ್ಲಿ ಇದೆ. ಅವುಗಳನ್ನು ನೋಡುವುದರಲ್ಲಿ ಮೈಮರೆತು ಅಸರ್ ನಮಾಝ್‌ನ ಹೊತ್ತು ಕಳೆದುಹೋಯಿತು, ಅದಕ್ಕಾಗಿ ಅವರು ಬಹಳ ಮರುಗಿದರು ಎಂದು ಅನೇಕ ಮುಫಸ್ಸಿರರು ವಿವರಿಸಿದ್ದಾರೆ. ನೋಡಿ, ನಬಿಯೊಬ್ಬರಿಗೂ ಒಳ್ಳೆಯ ಕುದುರೆ ಕಂಡರೆ ಕಣ್ಣು ನಿಲ್ಲುತ್ತಿತ್ತು.

ಆದರೆ ಕುದುರೆ ಇಟ್ಟುಕೊಂಡವರೆಲ್ಲ ಒಂದೇ ಅಲ್ಲ. ಪ್ರವಾದಿ (ಸ.ಅ.) ಅವರು ಮೂವರನ್ನು ಬೇರೆ ಮಾಡಿ ತೋರಿಸಿದ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಉಂಟು. ಒಬ್ಬನಿಗೆ ಕುದುರೆ ಪುಣ್ಯ ತರುತ್ತದೆ. ಇನ್ನೊಬ್ಬನಿಗೆ ಅದು ಮರ್ಯಾದೆಯಿಂದ ಬದುಕಲು ಒಂದು ಮರೆ, ಅದರಲ್ಲಿ ಅಲ್ಲಾಹನ ಹಕ್ಕು ಇದೆ ಎಂಬುದನ್ನು ಅವನು ಮರೆತಿಲ್ಲ. ಮೂರನೆಯವನಿಗೆ ಅದೇ ಪಾಪದ ಹೊರೆ, ಯಾಕೆಂದರೆ ಅವನು ಇಟ್ಟುಕೊಂಡದ್ದು ಗರ್ವಕ್ಕೆ, ತೋರಿಕೆಗೆ. ಪ್ರಾಣಿ ಅದೇ, ಲಾಯ ಅದೇ. ಯಾಕೆ ಇಟ್ಟುಕೊಂಡ ಎನ್ನುವುದರಲ್ಲಿ ಎಲ್ಲ ಬದಲಾಗುತ್ತದೆ.

ನಮ್ಮ ಆಕ್ಷೇಪ ಶುರುವಾಗುವುದು ದುಡ್ಡಿನ ವಿಷಯದಲ್ಲಿ. ಗಾಡಿ ತೆಗೆದ ಹುಡುಗರ ಹತ್ತಿರ ಮೆಲ್ಲಗೆ ಕೇಳಿದರೆ ತಿಳಿಯುತ್ತದೆ. ಕೆಲವರದ್ದು ದುಡಿದ ದುಡ್ಡು, ಮಾತಿಲ್ಲ. ಕೆಲವರದ್ದು ಉಮ್ಮನ ಬಳೆ, ಹೆಂಡತಿಯ ಮಹ್ರ್‌ನ ಸರ, ಮದುವೆಗೆಂದು ತಂಗಿಗೆ ಮಾಡಿಸಿಟ್ಟ ಬಂಗಾರ. ಅದನ್ನು ಅಡವಿಟ್ಟು, ಮೇಲಿಂದ ಬಡ್ಡಿಗೆ ಸಾಲ. ಮಹ್ರ್ ಹೆಂಡತಿಯ ಸ್ವಂತ ಸೊತ್ತು. ಅವಳು ಮನಸಾರೆ ಕೊಟ್ಟರೆ ಮಾತ್ರ ಗಂಡ ಅದನ್ನು ಮುಟ್ಟಬಹುದು. 'ಅವಳು ಬೇಡ ಅನ್ನಲಿಲ್ಲ' ಎಂಬುದು ಮನಸಾರೆ ಕೊಟ್ಟದ್ದು ಆಗುವುದಿಲ್ಲ. ಬೇಡ ಎಂದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವಳಿಗೆ ಗೊತ್ತಿರುತ್ತದೆ. ಅಲಂಕಾರಕ್ಕೆಂದು ತೆಗೆಯುವ ವಾಹನಕ್ಕಾಗಿ ರಿಬಾಕ್ಕೆ ಕೈ ಹಾಕಲು ಶರೀಅತ್ತಿನಲ್ಲಿ ಯಾವ ಸಡಿಲಿಕೆಯೂ ಇಲ್ಲ. ಆಸ್ಪತ್ರೆಯ ಖರ್ಚು ಎಂದರೆ ಕೂತು ಮಾತಾಡಬಹುದು. ಜೀಪಿಗೆ ಅಗತ್ಯದ ನೆಪ ಹೇಳಲಿಕ್ಕೆ ಆಗುವುದಿಲ್ಲ.

ಇದರ ಮೇಲೆ ಮೋಸ ಬೇರೆ. ಹೊಸ ತಗಡು ಬಡಿದು ಮಾಡಿದ ಬಾಡಿಗೆ ಹಸಿರು ಬಣ್ಣ ಬಳಿದು, ಎಲ್ಲಿಯದೋ ಹಳೆ ಆರ್‌ಸಿ ಸೇರಿಸಿ 'ಮಿಲಿಟರಿ ಜೀಪು' ಎಂದು ಮಾರುವವರು ಇದ್ದಾರೆ. ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಆರ್‌ಸಿಯ ಜೊತೆ ತಾಳೆ ನೋಡದೆ ಅಡ್ವಾನ್ಸ್ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪೆನಿ ಮಾಡಿದ ಮೂಲ ರೂಪವನ್ನು ಮನಸ್ಸು ಬಂದಂತೆ ಬದಲಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ದೊಡ್ಡ ಟೈರು, ಬೇರೆ ಎಂಜಿನ್ ಹಾಕಿಸಿ ಆಮೇಲೆ ಆರ್‌ಟಿಒ ಹಿಡಿದರು ಎಂದು ಅಳುವುದು ಬೇಡ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರಿಂದ 'ವಿಂಟೇಜ್' ನೋಂದಣಿ ಉಂಟು. ನಂಬರಿನಲ್ಲಿ 'ವಿಎ' ಎಂದು ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಹಾಗೆ ಮಾಡಿಸಿದರೆ ಗಾಡಿ ಪ್ರದರ್ಶನಕ್ಕೆ, ವಿಂಟೇಜ್ ರ್ಯಾಲಿಗೆ, ರಿಪೇರಿಗೆ ಎಂದು ಮಾತ್ರ ರಸ್ತೆಗಿಳಿಯಬಹುದು. ಪ್ರವಾಸಿಗರನ್ನು ಹತ್ತಿಸಿ ಬಾಡಿಗೆ ಹೊಡೆಯುವ ಹಾಗಿಲ್ಲ. 'ಜೀಪು ತೆಗೆದು ಝರಿ ಫಾಲ್ಸಿಗೆ ಬಾಡಿಗೆ ಓಡಿಸಿ ಸಾಲ ತೀರಿಸ್ತೇನೆ' ಎನ್ನುವವರು ಇದನ್ನು ಮೊದಲು ತಿಳಿದುಕೊಳ್ಳಲಿ.

ಇನ್ನು ಝಕಾತ್‌ನ ಪ್ರಶ್ನೆ. ಸ್ವಂತಕ್ಕೆಂದು ಇಟ್ಟುಕೊಂಡ ವಾಹನಕ್ಕೆ ಝಕಾತ್ ಇಲ್ಲ, ಅದು ಎಷ್ಟೇ ಬೆಲೆಬಾಳಲಿ. ಆದರೆ ಈಗ ಹಲವರು ತೆಗೆಯುವುದು ರೇಟು ಏರಿದ ಮೇಲೆ ಮಾರಲಿಕ್ಕೆ. ಕೊಳ್ಳುವಾಗಲೇ ಮಾರುವ ನಿಯ್ಯತ್ ಇದ್ದರೆ ನಮ್ಮ ಶಾಫಿಈ ಮದ್‌ಹಬ್ ಪ್ರಕಾರ ಅದು ವ್ಯಾಪಾರದ ಸರಕು. ಚಾಂದ್ರಮಾನ ವರ್ಷ ತುಂಬಿದ ದಿನ ಪೇಟೆಯಲ್ಲಿ ಅದಕ್ಕೆ ಇರುವ ಬೆಲೆ ನೋಡಬೇಕು. ಅದು ನಿಸಾಬ್, ಅಂದರೆ 595 ಗ್ರಾಂ ಬೆಳ್ಳಿಯ ಬೆಲೆ, ಮುಟ್ಟಿದ್ದರೆ ಶೇಕಡಾ ಎರಡೂವರೆ ಕೊಡಬೇಕು. ಆರು ಲಕ್ಷದ ಜೀಪಿಗೆ ಹದಿನೈದು ಸಾವಿರ. ಇನ್ನೂ ಮಾರಾಟ ಆಗಲಿಲ್ಲ ಎಂಬ ಮಾತು ನಡೆಯುವುದಿಲ್ಲ. 'ನನಗೇ ಸಾಲ ಉಂಟಲ್ವಾ ಉಸ್ತಾದ್' ಎಂದರೂ, ಸಾಲದ ಕಾರಣಕ್ಕೆ ಝಕಾತ್ ತಪ್ಪುವುದಿಲ್ಲ ಎಂಬುದೇ ನಮ್ಮ ಮದ್‌ಹಬ್‌ನ ಪ್ರಬಲ ಅಭಿಪ್ರಾಯ. ಸ್ವಂತಕ್ಕೆಂದೇ ತೆಗೆದು ಆಮೇಲೆ ಮಾರುವ ಯೋಚನೆ ಬಂದರೆ, ಆ ಯೋಚನೆ ಮಾತ್ರದಿಂದ ಅದು ವ್ಯಾಪಾರದ ಸರಕಾಗುವುದಿಲ್ಲ. ನಿಮ್ಮ ನಿಯ್ಯತ್ ಏನಿತ್ತು ಎಂದು ಆರ್‌ಸಿಯಲ್ಲಿ ಬರೆದಿರುವುದಿಲ್ಲ, ನಿಮಗೆ ಮಾತ್ರ ಗೊತ್ತು.

ಅಪರೂಪದ ವಸ್ತು ಕೈಗೆ ಬಂದರೆ ಏನು ಮಾಡಬೇಕು ಎಂದು ಯೋಚಿಸುವಾಗ ನಮಗೆ ಈ ಗಿರಿಯ ಬಾಬಾ ಬುಡನ್ ಅವರೇ ನೆನಪಾಗುತ್ತಾರೆ. ಹದಿನೇಳನೇ ಶತಮಾನದಲ್ಲಿ ಮೊಳಕೆ ಬರುವ ಕಾಫಿ ಬೀಜವನ್ನು ಯೆಮನ್‌ನವರು ಹೊರಗೆ ಬಿಡುತ್ತಿರಲಿಲ್ಲ. ಹಜ್ ಮುಗಿಸಿ ಬರುವಾಗ ಬಾಬಾ ಏಳು ಬೀಜ ತಂದು ಇಲ್ಲಿ ಬಿತ್ತಿದರು ಎಂದು ಹೇಳುತ್ತಾರೆ. ಆ ಏಳು ಬೀಜವನ್ನು ಡಬ್ಬಿಯಲ್ಲಿಟ್ಟು 'ನನ್ನ ಹತ್ತಿರ ಮಾತ್ರ ಉಂಟು' ಎಂದು ತೋರಿಸುತ್ತಾ ಕೂತಿದ್ದರೆ ಮೂಡಿಗೆರೆ, ಕಳಸದ ಇಷ್ಟು ಮನೆಗಳಲ್ಲಿ ಒಲೆ ಹೇಗೆ ಉರಿಯುತ್ತಿತ್ತು? ನಮ್ಮ ಕಾಲದಲ್ಲೂ ಉದಾಹರಣೆ ಉಂಟು. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆ ಕಾರುಗಳನ್ನು ಧರ್ಮಸ್ಥಳದಲ್ಲಿ, ಈಗ ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಂನಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು.

ಜೀಪಿನ ವಿಷಯದಲ್ಲಿ ನಿಜವಾಗಿ ಅಪರೂಪವಾಗುತ್ತಿರುವುದು ಜೀಪಲ್ಲ, ಅದರ ಮೇಸ್ತ್ರಿ. ಕಾರ್ಬೊರೇಟರ್ ಬಿಚ್ಚಿ, ಶಬ್ದ ಕೇಳಿಯೇ ಕಾಯಿಲೆ ಹೇಳುವ, ಸಿಗದ ಬಿಡಿಭಾಗವನ್ನು ಲೇತ್‌ನಲ್ಲಿ ಮಾಡಿಸಿ ಕೂರಿಸುವ ಕೈಗಳು ಈಗ ಪ್ರತಿ ಊರಲ್ಲಿ ಒಂದೋ ಎರಡೋ. ಅವರಲ್ಲಿ ನಮ್ಮ ಕಾಕಂದಿರು ಕಡಿಮೆ ಇಲ್ಲ. ಬೆಂಗಳೂರಿನ ಜೀಪು ಪ್ರಿಯರು ಅವರನ್ನು ಹುಡುಕಿಕೊಂಡು ಘಟ್ಟಕ್ಕೆ ಬರುತ್ತಾರೆ, ಹೇಳಿದಷ್ಟು ಕೊಡುತ್ತಾರೆ. ಆದರೆ ಅವರ ಮಕ್ಕಳೇ ಅವರ ಕೆಲಸ ಕಲಿತಿಲ್ಲ. ಗ್ರೀಸ್ ಕೈಯವನಿಗೆ ಹೆಣ್ಣು ಕೊಡುವುದಿಲ್ಲ ಎಂದು ನಾವೇ ಹೇಳಿದ್ದೇವಲ್ಲ! ಜೀಪಿನ ಮೇಲೆ ಕೂತ ಪುದಿಯಾಪ್ಲೆ ಚಂದ ಕಾಣುತ್ತಾನೆ, ಅಡಿಯಲ್ಲಿ ಮಲಗಿದವನು ಕಾಣುವುದಿಲ್ಲ.

ಇನ್ನೊಂದು ಸಣ್ಣ ಮಾತು. ನಾಲ್ಕು ಚಕ್ರಕ್ಕೆ ಎಳೆತ ಇದೆ ಎಂದು ಗಿರಿಯ ಹುಲ್ಲುಗಾವಲಿಗೆ ನುಗ್ಗಿಸಿ ರೀಲ್ಸ್ ಮಾಡುವುದು ನಿಲ್ಲಲಿ. ಒಮ್ಮೆ ಚಕ್ರ ಉಜ್ಜಿದ ಜಾಗದಲ್ಲಿ ಮಳೆಗೆ ಮಣ್ಣು ಕೊಚ್ಚುತ್ತದೆ. ಕೆಳಗಿನ ತೋಡುಗಳಿಗೆ ನೀರು ಬರುವುದು ಆ ಹುಲ್ಲಿನ ಬುಡದಿಂದಲೇ.

ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಜಮಾಅತ್‌ಗಳ ಮುಂದೆ ನಾವು ಇಡುವ ಸಲಹೆ ಇಷ್ಟು. ತಮ್ಮ ಮೊಹಲ್ಲಾದಲ್ಲಿ ಹಳೆ ಜೀಪಿನ ಕೆಲಸ ಗೊತ್ತಿರುವ ಮೇಸ್ತ್ರಿಗಳು ಯಾರಿದ್ದಾರೆ ಎಂದು ಬರೆದಿಟ್ಟುಕೊಳ್ಳಲಿ. ಎಸೆಸೆಲ್ಸಿ, ಪಿಯುಸಿ ಆದ ಮೇಲೆ ಸುಮ್ಮನೆ ತಿರುಗುವ ಇಬ್ಬರು ಮೂವರು ಹುಡುಗರನ್ನು ಒಂದು ವರ್ಷ ಅವರ ಕೈಕೆಳಗೆ ಬಿಡಲಿ. ಕಲಿಸುವ ಕಾಕನಿಗೂ ಕಲಿಯುವ ಹುಡುಗನಿಗೂ ತಿಂಗಳಿಗೆ ಇಷ್ಟು ಎಂದು ಕೊಡಲು ದುಡ್ಡು ಬೇಕಾಗುತ್ತದೆ. ಜೀಪು ಇಟ್ಟುಕೊಂಡವರು, ಗಲ್ಫಿನಲ್ಲಿ ಕೂತು ಜೀಪು ಹುಡುಕುತ್ತಿರುವವರು ಅದನ್ನು ಹಂಚಿಕೊಳ್ಳಲಿ. ಈ ರಮಳಾನ್ ಮುಗಿದ ಕೂಡಲೇ ಶುರು ಮಾಡಿದರೆ ಮಳೆಗಾಲಕ್ಕೆ ಮೊದಲು ಹುಡುಗರು ಬ್ರೇಕ್ ಡ್ರಮ್ ಬಿಚ್ಚಿ ಜೋಡಿಸುವಷ್ಟಾದರೂ ಕಲಿತಾರು.