ಕಲಿಸುವ ಅಧಿಕಾರ

ಪರದೇಶಕ್ಕೆ ಹೋಗಿ ಅಲ್ಲಿಯ ಜನರಿಗೆ ಇಂಗ್ಲಿಷು ಕಲಿಸುವುದನ್ನೇ ವೃತ್ತಿಯನ್ನಾಗಿ ಮಾಡಿಕೊಳ್ಳಬೇಕೆಂದು ನಮ್ಮ ತರುಣ ತರುಣಿಯರಲ್ಲಿ ಅನೇಕರು ಈಗ ಯೋಚಿಸುತ್ತಿರುವರು. ಮನೆಯ ಹಿರಿಯರಿಗೆ ಇದರಿಂದ ಸಂಶಯಗಳು ಹುಟ್ಟುವುದು ಸಹಜವೇ. ವಾಚಕರಾದ ಗೃಹಿಣಿಯೊಬ್ಬರು ಹೀಗೆ ಬರೆದು ಕೇಳಿದ್ದಾರೆ: “ಇಂಗ್ಲಿಷು ನಮ್ಮ ಮನೆಯ ಮಾತಲ್ಲ. ಹುಟ್ಟಿನಿಂದ ಅದನ್ನಾಡುವವರು ಇಷ್ಟು ಮಂದಿ ಇರುವಾಗ ಅದನ್ನು ಕಲಿಸುವ ಅಧಿಕಾರ ನನ್ನ ಮಗಳಿಗೆ ಎಲ್ಲಿಂದ ಬರಬೇಕು? ನಾಲ್ಕು ವಾರದ ತರಬೇತಿಗೆಂದು ಒಡವೆಯನ್ನು ಅಡವಿಟ್ಟು ಹಣ ಕಟ್ಟುವುದು ಯುಕ್ತವೇ?” ಈ ಪ್ರಶ್ನೆಗಳು ಒಂದೇ ಮನೆಯವಲ್ಲವಾದುದರಿಂದ ಈ ತಿಂಗಳ ಬರಹವನ್ನು ಅವಕ್ಕೇ ಮೀಸಲಿಡುತ್ತೇನೆ.

ಮೊದಲು ಅಧಿಕಾರದ ಮಾತು. ಸಂಸ್ಕೃತವನ್ನೇ ನೋಡಿರಿ. ಶತಮಾನಗಳಿಂದ ಅದನ್ನು ಪಾಠ ಹೇಳುತ್ತ ಬಂದ ಪಂಡಿತರಲ್ಲಿ ಬಹುಮಂದಿಗೆ ಅದು ತೊಟ್ಟಿಲಿನ ಮಾತಾಗಿರಲಿಲ್ಲ. ಮನೆಯಲ್ಲಿ ಕನ್ನಡವನ್ನೋ ತಮಿಳನ್ನೋ ಮರಾಠಿಯನ್ನೋ ಆಡಿಕೊಂಡು, ಶಬ್ದರೂಪಗಳನ್ನು ಉರುಹೊಡೆದು, ಸಂಧಿ ಸಮಾಸಗಳಲ್ಲಿ ಎಡವಿ ಎದ್ದು ಕಲಿತವರು ಅವರು. ಎಲ್ಲಿ ಎಡವಿದ್ದರೋ ಅಲ್ಲಿ ಶಿಷ್ಯನ ಕೈಹಿಡಿಯಲು ಅವರಿಗೆ ತಿಳಿದಿತ್ತು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃಗಳಾದ ಕಿಟ್ಟೆಲರು ಜರ್ಮನಿಯಲ್ಲಿ ಹುಟ್ಟಿದವರು. ಆ ನಿಘಂಟನ್ನು ಕನ್ನಡಿಗರಾದ ನಾವು ಇಂದಿಗೂ ಗೌರವದಿಂದ ತೆರೆಯುತ್ತೇವೆ. ಹುಟ್ಟೇ ಅಧಿಕಾರವೆಂದು ವಿದ್ಯೆಯ ಬಾಗಿಲಿಗೆ ಅಗಳಿ ಹಾಕಿದ ಕಾಲವೂ ನಮ್ಮಲ್ಲಿ ಉಂಟಷ್ಟೆ. ಅದರಿಂದ ಎಷ್ಟು ಮಂದಿಗೆ ಅನ್ಯಾಯವಾಯಿತೆಂಬುದನ್ನು ನಾವು ಬಲ್ಲೆವು. ಆದುದರಿಂದ ಕಲಿಸುವ ಅಧಿಕಾರವು ಶ್ರಮದಿಂದ ಬರತಕ್ಕದ್ದೆಂದೇ ನನ್ನ ನಿಶ್ಚಯ.

ಆದರೆ ಭಾಷೆಯನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲವರಲ್ಲ. ಜಾನ್ ಹೇಕ್ರಾಫ್ಟ್, ಬ್ರೀಟಾ ಹೇಕ್ರಾಫ್ಟ್ ಎಂಬ ದಂಪತಿಗಳು ೧೯೫೩ರಲ್ಲಿ ಸ್ಪೇನ್ ದೇಶದ ಕೋರ್ಡೋಬಾ ನಗರದಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ೧೯೬೨ರಲ್ಲಿ ಲಂಡನ್ನಿನಲ್ಲಿ ಅಧ್ಯಾಪಕರಿಗಾಗಿ ಅಲ್ಪಾವಧಿಯ ತರಬೇತಿಯನ್ನು ಆರಂಭಿಸಿದರು. ಆ ಬೀಜವು ಬೆಳೆದು, ೧೯೮೮ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪರೀಕ್ಷಾ ಮಂಡಲಿಯ ಆಶ್ರಯಕ್ಕೆ ಬಂದು, ಇಂದು ‘ಸೆಲ್ಟಾ’ ಎಂಬ ಹೆಸರಿನಿಂದ ಬಹು ದೇಶಗಳಲ್ಲಿ ನಡೆಯುತ್ತಿದೆ. ಕನಿಷ್ಠ ೧೨೦ ಗಂಟೆಗಳ ವ್ಯಾಸಂಗ. ದಿನವಿಡೀ ಓದುವವರಿಗೆ ನಾಲ್ಕೈದು ವಾರ. ಅಭ್ಯರ್ಥಿಯು ನಿಜವಾದ ವಿದ್ಯಾರ್ಥಿಗಳ ಮುಂದೆ ಎರಡು ಬೇರೆ ಬೇರೆ ಮಟ್ಟಗಳಲ್ಲಿ ಒಟ್ಟು ಆರು ಗಂಟೆ ಪಾಠ ಮಾಡಿ ತೋರಿಸಬೇಕು. ಅನುಭವಸ್ಥರ ಪಾಠಗಳನ್ನು ಕುಳಿತು ನೋಡಬೇಕು. ನಾಲ್ಕು ಪ್ರಬಂಧಗಳನ್ನು ಬರೆಯಬೇಕು. ಹೊರಗಿನ ಪರೀಕ್ಷಕರೊಬ್ಬರು ಬಂದು ತರಗತಿಯನ್ನು ಪರಿಶೀಲಿಸುವರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಪ್ರಮಾಣಪತ್ರವೂ ಇದಕ್ಕೆ ಸಮಾನವಾದುದೇ. ಅದರಲ್ಲಿ ಒಂದು ವಿಶೇಷವಿದೆ: ಅಭ್ಯರ್ಥಿಗಳಿಗೆ ತಾವು ಸ್ವಲ್ಪವೂ ಅರಿಯದ ಭಾಷೆಯೊಂದನ್ನು ಕೆಲವು ಗಂಟೆಗಳ ಕಾಲ ಕಲಿಸಿ, ಆಗ ಅವರ ಮನಸ್ಸಿಗೆ ಆದುದನ್ನು ಬರೆಯಿಸುವರು. ಗುರುವಾಗುವವನು ಮತ್ತೊಮ್ಮೆ ಶಿಷ್ಯನಾಗಲಿ ಎಂಬ ಈ ಕ್ರಮವು ನನಗೆ ಬಹಳ ಮೆಚ್ಚುಗೆಯಾಗಿದೆ.

ನಾಲ್ಕು ವಾರಗಳಲ್ಲಿ ಕಲಿಯುವುದೇನು? ಒಂದೇ ಉದಾಹರಣೆಯನ್ನು ಕೊಡುತ್ತೇನೆ. ನಮ್ಮ ಶಾಲೆಗಳಲ್ಲಿ ಪಾಠ ಮುಗಿಸಿದ ಉಪಾಧ್ಯಾಯರು “ಅರ್ಥವಾಯಿತೇ?” ಎನ್ನುವುದೂ, ಮಕ್ಕಳು ಒಕ್ಕೊರಲಿನಿಂದ “ಆಯಿತು ಸಾರ್” ಎನ್ನುವುದೂ ವಾಡಿಕೆ. ಈ ತರಬೇತಿಯಲ್ಲಿ ಆ ಪ್ರಶ್ನೆಯನ್ನು ಕೈಬಿಡಿಸುವರು. ‘ಐ ಯೂಸ್ಡ್ ಟು ಲಿವ್ ಇನ್ ಮೈಸೂರ್’ ಎಂಬ ವಾಕ್ಯವನ್ನು ಕಲಿಸಿದ ಮೇಲೆ, “ಇವರು ಮೊದಲು ಮೈಸೂರಿನಲ್ಲಿ ಇದ್ದರೇ? ಈಗಲೂ ಅಲ್ಲಿಯೇ ಇದ್ದಾರೆಯೇ?” ಎಂದು ಕೇಳಬೇಕು. ಉತ್ತರದಿಂದ ಶಿಷ್ಯನ ಅರಿವು ತಾನಾಗಿ ಹೊರಬೀಳುವುದು. ಗುರುವಿನ ಮಾತು ಕಡಮೆಯಾಗಿ ಶಿಷ್ಯನ ಮಾತು ಹೆಚ್ಚಬೇಕೆಂಬುದೇ ಇಲ್ಲಿಯ ಮುಖ್ಯ ಸೂತ್ರ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವುಂಟು. ಇಂಗ್ಲಿಷಿನ ‘ಎ’, ‘ದಿ’ ಎಂಬ ಶಬ್ದಗಳಿಗೆ ಸರಿಯಾದುದು ಕನ್ನಡದಲ್ಲಿಲ್ಲ. ಜಪಾನಿ, ಕೊರಿಯನ್ ಭಾಷೆಗಳಲ್ಲಿಯೂ ಇಲ್ಲ. ನಮ್ಮಂತೆಯೇ ಅವರೂ ಕ್ರಿಯಾಪದವನ್ನು ವಾಕ್ಯದ ಕೊನೆಗೆ ಇಡುವರು. ‘ಸ್ಕೂಲ್’ ಎಂಬುದು ನಮ್ಮ ಹಳ್ಳಿಗಳಲ್ಲಿ ‘ಇಸ್ಕೂಲು’ ಆಗುವಂತೆ ಜಪಾನಿಯರ ಬಾಯಲ್ಲಿ ‘ಸುಕೂರು’ ಆಗುವುದು. ಈ ತೊಡಕುಗಳನ್ನು ತೊಟ್ಟಿಲಿನಿಂದಲೇ ದಾಟಿ ಬಂದವರಿಗೆ ದಾಟಿದ ನೆನಪೇ ಇರುವುದಿಲ್ಲ. ಬುದ್ಧಿಪೂರ್ವಕವಾಗಿ ದಾಟಿದ ನಮ್ಮ ಹುಡುಗಿಗೆ ಕಲ್ಲುಮುಳ್ಳುಗಳ ಗುರುತುಂಟು.

ಈ ವಿದ್ಯೆಯಲ್ಲಿ ನಮ್ಮ ನಾಡು ಕೊಟ್ಟದ್ದೂ ಇದೆ. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮುಂತಾದ ಕಡೆಗಳ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣವನ್ನು ಮುಂದಿಡದೆ, ನಕ್ಷೆಯನ್ನೋ ರೈಲಿನ ವೇಳಾಪಟ್ಟಿಯನ್ನೋ ಮಕ್ಕಳ ಕೈಗೆ ಕೊಟ್ಟು, ಅದರಲ್ಲಿಯ ಸಮಸ್ಯೆಗಳನ್ನು ಇಂಗ್ಲಿಷಿನಲ್ಲಿಯೇ ಬಿಡಿಸುವಂತೆ ಮಾಡಿದರು. ಭಾಷಾಬೋಧಕರ ಲೋಕದಲ್ಲಿ ಇದಕ್ಕೆ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರು. ವಿದೇಶಗಳ ತರಬೇತಿ ಶಾಲೆಗಳಲ್ಲಿಯೂ ಇದನ್ನು ಕುರಿತು ಓದುವರು.

ಇಷ್ಟಾದರೂ ದಾರಿ ನಿಷ್ಕಂಟಕವೆಂದು ಹೇಳಲಾರೆ. ಕೆಲವು ದೇಶಗಳ ಕಾನೂನೇ ಹುಟ್ಟನ್ನು ನೋಡುತ್ತದೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷು ಕಲಿಸುವ ವೀಸಾ ಸಾಮಾನ್ಯವಾಗಿ ದೊರೆಯುವುದು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ ೭ ದೇಶಗಳ ಪ್ರಜೆಗಳಿಗೆ. ೨೦೧೦ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಒಪ್ಪಂದದಿಂದ, ಪದವಿಯೊಡನೆ ಶಿಕ್ಷಕ ಅರ್ಹತೆಯೂ ಇರುವ ಭಾರತೀಯರಿಗೆ ಸಹಾಯಕ ಶಿಕ್ಷಕರಾಗುವ ಕಿರಿದಾದ ಬಾಗಿಲೊಂದು ತೆರೆದಿದೆ. ಕಾನೂನಿನ ಅಡ್ಡಿಯಿಲ್ಲದ ಕಡೆಗಳಲ್ಲಿಯೂ ಅರ್ಜಿಯಲ್ಲಿಯ ಹೆಸರನ್ನೂ ಭಾವಚಿತ್ರವನ್ನೂ ನೋಡಿ ಬದಿಗಿಡುವವರುಂಟು. ಇದನ್ನು ಮುಂಚಿತವಾಗಿ ತಿಳಿದು ಹೊರಡುವುದು ಲೇಸು. ತಿಳಿದವರಿಗೆ ನಿರಾಕರಣೆಯು ತಮ್ಮ ಯೋಗ್ಯತೆಯ ತೀರ್ಪೆಂದು ತೋರದು.

ಆದಕಾರಣ ಹಣ ಕಟ್ಟುವುದು ಕೊನೆಯ ಹೆಜ್ಜೆಯಾಗಲಿ. ಯಾವ ದೇಶಕ್ಕೆ ಹೋಗಬೇಕೆಂದಿದೆಯೋ ಆ ದೇಶವು ಭಾರತೀಯರಿಗೆ ಕೊಡುವ ಉದ್ಯೋಗದ ವೀಸಾ ಯಾವುದು, ಅದಕ್ಕೆ ಬೇಕಾದ ಪದವಿ ಯಾವುದು ಎಂಬುದನ್ನು ಆ ರಾಯಭಾರ ಕಚೇರಿಯಿಂದಲೇ ಮೊದಲು ತಿಳಿಯಬೇಕು. ಪದವಿಪತ್ರಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕಾಗಬಹುದು. ‘ಅಪಾಸ್ಟಿಲ್’ ಎಂಬ ಆ ಮುದ್ರೆಯ ಪದ್ಧತಿ ಭಾರತದಲ್ಲಿ ೨೦೦೫ರಿಂದ ಇದೆ. ಅನಂತರ ತರಬೇತಿಯ ಪರೀಕ್ಷೆ. ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿಸದ, ಹೊರಗಿನ ಪರೀಕ್ಷಕರಿಲ್ಲದ ಪ್ರಮಾಣಪತ್ರವು ಎಷ್ಟೇ ಅಗ್ಗವಾದರೂ ದುಬಾರಿಯೇ. ಪ್ರವಾಸಿ ವೀಸಾದಲ್ಲಿ ಹೋಗಿರಿ, ಮುಂದೆ ಬದಲಾಯಿಸಿಕೊಳ್ಳಬಹುದು ಎನ್ನುವ ದಲ್ಲಾಳಿಯನ್ನು ಜಗಲಿಯಿಂದಲೇ ಹಿಂದಕ್ಕೆ ಕಳುಹಿಸಿರಿ. ಉದ್ಯೋಗದ ಆಸೆ ತೋರಿಸಿ ನಮ್ಮ ತರುಣರನ್ನು ಮ್ಯಾನ್ಮಾರ್, ಕಾಂಬೋಡಿಯಾಗಳ ವಂಚಕರ ಕೂಟಗಳಿಗೆ ಸಾಗಿಸಿದ ಸಂಗತಿಗಳು ಈಚಿನ ವರ್ಷಗಳಲ್ಲಿ ಬೆಳಕಿಗೆ ಬಂದಿವೆ. ಕರಾರಿನಲ್ಲಿ ವಾರದ ಪಾಠದ ಗಂಟೆಗಳು, ವಸತಿ, ಹಿಂದಿರುಗುವ ಖರ್ಚು ಸ್ಪಷ್ಟವಾಗಿರಲಿ. ಪಾಸ್‌ಪೋರ್ಟು ಯಾವಾಗಲೂ ತನ್ನ ಕೈಯಲ್ಲಿಯೇ ಇರಲಿ.

ಕೊನೆಯದಾಗಿ, ಕಾಸಿಲ್ಲದೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಇಂಗ್ಲಿಷು ಬಾರದ ಅಜ್ಜಿಗೋ ನೆರೆಮನೆಯ ಹುಡುಗನಿಗೋ ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಕಲಿಸುವಂತೆ ಮಗಳಿಗೆ ಹೇಳಿರಿ. ಅದೇ ತಪ್ಪನ್ನು ಅವರು ಹತ್ತನೆಯ ಸಲ ಮಾಡಿದಾಗ ಅವಳ ಮುಖವನ್ನು ನೋಡಿರಿ. ಬೇಸರ ಕಂಡರೆ ಒಡವೆ ಪೆಟ್ಟಿಗೆಯಲ್ಲಿಯೇ ಇರಲಿ. ಹನ್ನೊಂದನೆಯ ಸಲಕ್ಕೆ ಬೇರೊಂದು ಉಪಾಯವನ್ನು ಹುಡುಕುತ್ತಿದ್ದರೆ, ವೀಸಾದ ದಾರಿಯೂ ತೆರೆದಿದ್ದರೆ, ಸಂತೋಷದಿಂದ ಕಳುಹಿಸಿಕೊಡಿರಿ. ಪ್ರಮಾಣಪತ್ರವು ಅವಳಿಗೆ ಬೇಕಾದ ಉಪಾಯಗಳನ್ನು ಕಲಿಸೀತು. ಆ ತಾಳ್ಮೆಯನ್ನು ಮಾತ್ರ ಅವಳು ಮನೆಯಿಂದಲೇ ಕೊಂಡೊಯ್ಯಬೇಕು.