ಕೈ ನಡುಗಿದರೆ ‘ವಯಸ್ಸಾಯ್ತು’ ಅಂದರೆ ಸಾಲದು

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದ ಲೈನ್ ಮನೆಗಳಿಗೆ ಹೋದಾಗ ಹಿರಿಯರಿಂದ ನಾವು ಕೇಳುವ ಮಾತು: ‘ಕೈ ನಡುಗುತ್ತೆ, ವಯಸ್ಸಾಯ್ತಲ್ಲಪ್ಪ.’

ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ. ಆದರೆ ಜೊತೆಗೆ ನಡಿಗೆ ನಿಧಾನವಾಗಿ, ಮೈ ಬಿಗಿದರೆ ತೋರಿಸಲೇಬೇಕು. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಸಾಯುತ್ತಾ ಬರುವ ಕಾಯಿಲೆ ಇದು. ಪೂರ್ತಿ ವಾಸಿಯಾಗದು; ಮಾತ್ರೆಯಿಂದ ಹಿಡಿತಕ್ಕೆ ಬರುತ್ತದೆ.

ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಬಳಸಿದವರಲ್ಲಿ ಈ ಕಾಯಿಲೆಯ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಎಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಹೇಳಿತು. ಯುರೋಪ್ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿಯಿಲ್ಲ. ನಮ್ಮಲ್ಲಿ ಬೆನ್ನಿಗೆ ಪಂಪು ಹಾಕಿ, ಗ್ಲೌಸ್ ಇಲ್ಲದೆ ಕಳೆ ಔಷಧಿ ಹೊಡೆಯುವವರು ಈಗಲೂ ಕಾಣುತ್ತಾರೆ. ಅವರ ಲೆಕ್ಕ ಇಡುವವರು ಯಾರು?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ವರ್ಷಗಳಿಂದ ಗಮನಿಸುತ್ತಿದೆ. ಅಂಥ ಅಧ್ಯಯನ ನಮ್ಮ ತೋಟಗಳಿಗೂ ಬರಬೇಕು. ಅಲ್ಲಿಯವರೆಗೆ, ನಡುಕವೆಂದು ಬಂದವರನ್ನು ಡಾಕ್ಟರು ‘ತೋಟದಲ್ಲಿ ಏನು ಹೊಡೀತಿದ್ರಿ?’ ಎಂದು ಕೇಳಿ ಚೀಟಿಯಲ್ಲಿ ಬರೆಯಲಿ. ಅವರು ಕೇಳದಿದ್ದರೆ ನಾವೇ ಹೇಳೋಣ.