ವಾಕ್ಯವನ್ನು ತಳ್ಳುವ ಆಟ

ಅಡ್ಡಲಾಗಿ ಒಂದು ಗೋಡೆ. ಗೋಡೆಯ ಆಚೆಗೆ ಒಂದು ಬಾವುಟ. ಬಾವುಟವನ್ನು ಮುಟ್ಟಿದರೆ ಗೆಲುವು, ಆದರೆ ಗೋಡೆ ದಾರಿ ಬಿಡದು. ಈಚೆಯ ಬದಿಯಲ್ಲಿ ಮೊಲವೋ ಕುರಿಯೋ ಹೇಳಲಾಗದಂತಹ ಒಂದು ಬಿಳಿಯ ಪ್ರಾಣಿ ನಿಂತಿದೆ. ಅದರ ಹೆಸರು ಬಾಬಾ. ಬೇರೆ ಆಟವಾಗಿದ್ದರೆ ಎಲ್ಲಿಯೋ ಬಚ್ಚಿಟ್ಟ ಬೀಗದ ಕೈಯನ್ನು ಹುಡುಕಬೇಕಾಗುತ್ತಿತ್ತು. ಇಲ್ಲಿ ಹಾಗಿಲ್ಲ. ಬಾಬಾನ ಎದುರಿಗೆ ನೆಲದ ಮೇಲೆ 'ವಾಲ್', 'ಈಸ್', 'ಸ್ಟಾಪ್' ಎಂಬ ಮೂರು ಇಂಗ್ಲಿಷ್ ಪದಗಳು ಹಲಗೆಗಳಂತೆ ಸಾಲಾಗಿ ಬಿದ್ದಿವೆ. ಗೋಡೆಯೆಂಬುದು ತಡೆ ಎಂದು ಅವುಗಳ ಅರ್ಥ. ಬಾಬಾ ಹೋಗಿ ನಡುವಣ ಹಲಗೆಯನ್ನು ಒಂದು ಮನೆಯಷ್ಟು ಆಚೆಗೆ ತಳ್ಳಿದರೆ ವಾಕ್ಯ ಮುರಿಯುತ್ತದೆ. ವಾಕ್ಯ ಮುರಿದೊಡನೆ ಗೋಡೆ ತನ್ನ ಕೆಲಸವನ್ನು ಮರೆಯುತ್ತದೆ. ಬಾಬಾ ಅದರೊಳಗೇ ಹಾದು ನಡೆದುಬಿಡುತ್ತದೆ.

ಮನೆಯ ಕಂಪ್ಯೂಟರಿನಲ್ಲಿ ಆಡುವ ಈ ಒಗಟಿನ ಹೆಸರು 'ಬಾಬಾ ಈಸ್ ಯೂ'. ಇದನ್ನು ರಚಿಸಿದವರು ಫಿನ್ಲೆಂಡಿನ ಆರ್ವಿ ತೇಯ್ಕರಿ. 2017ರಲ್ಲಿ ಕೋಪನ್‌ಹೇಗನ್ನಿನಲ್ಲಿ 'ನಾರ್ಡಿಕ್ ಗೇಮ್ ಜಾಮ್' ಎಂಬ ಕೂಟವೊಂದು ಸೇರಿತ್ತು. ಜಾಮ್ ಎಂದೊಡನೆ ಹಣ್ಣಿನ ಪಾಕವನ್ನು ನೆನೆಯಬೇಕಾಗಿಲ್ಲ. ಒಂದು ವಿಷಯವನ್ನು ಕೊಟ್ಟು, 48 ಗಂಟೆಗಳೊಳಗಾಗಿ ಆಟವೊಂದನ್ನು ಕಟ್ಟಿರೆಂದು ಹೇಳುವ ಪಂದ್ಯವದು. ನಮ್ಮಲ್ಲಿ ಅವಧಾನಿಗೆ ಸಮಸ್ಯೆಯ ಪಾದವನ್ನು ಒಪ್ಪಿಸಿ, ಪೂರಣ ಮಾಡೆಂದು ಸಭೆ ಕಾಯುತ್ತದೆಯಲ್ಲವೆ, ಹೆಚ್ಚುಕಡಿಮೆ ಹಾಗೆಯೇ. ಆ ಸಲದ ವಿಷಯ 'ನಾಟ್ ದೇರ್', ಎಂದರೆ 'ಅಲ್ಲಿಲ್ಲ'. ಇತರರು ಕಾಣದ ವಸ್ತುವನ್ನು ಕುರಿತು ಯೋಚಿಸುತ್ತಿದ್ದಿರಬಹುದು. ತೇಯ್ಕರಿಯವರ ಮನಸ್ಸು ಹಿಡಿದದ್ದು 'ನಾಟ್' ಎಂಬ ನಿಷೇಧ ಪದವನ್ನು. 'ಮಂಜುಗಡ್ಡೆ ಕರಗುವುದಿಲ್ಲ' ಎಂದು ಬರೆದಿಟ್ಟರೆ, ಕುದಿಯುವ ಲಾವಾರಸದ ನಡುವೆಯೂ ಮಂಜುಗಡ್ಡೆ ಉಳಿದೀತಲ್ಲವೆ! ಆ ಎರಡು ದಿನಗಳ ಕೂಸಿಗೇ ಮೊದಲ ಬಹುಮಾನ ಬಂದಿತು.

ಪದಾರ್ಥವನ್ನು ತಳ್ಳಿ ಗೆಲ್ಲುವ ಆಟ ಹೊಸದೇನೂ ಅಲ್ಲ. ಜಪಾನಿನ ಹಿರೋಯುಕಿ ಇಮಾಬಯಾಶಿ ಅವರ 'ಸೊಕೊಬಾನ್' 1982ರಲ್ಲಿಯೇ ಹೊರಬಂದಿತ್ತು. ಅದರಲ್ಲಿ ಉಗ್ರಾಣದ ಆಳು ಪೆಟ್ಟಿಗೆಗಳನ್ನು ತಳ್ಳುತ್ತಾನೆ, ಎಳೆಯಲಾರ. ಮೂಲೆಗೆ ಸೇರಿದ ಪೆಟ್ಟಿಗೆ ಅಲ್ಲಿಗೇ ಸರಿ. ತೇಯ್ಕರಿಯವರು ಆ ಪೆಟ್ಟಿಗೆಯ ಜಾಗದಲ್ಲಿ ಪದವನ್ನಿಟ್ಟರು. ಸಣ್ಣ ಬದಲಾವಣೆಯೆಂದು ತೋರಬಹುದು. ಆದರೆ ಈಗ ತಳ್ಳುವ ವಸ್ತುವೇ ಲೋಕದ ಕಟ್ಟಳೆಯಾಯಿತು. 'ರಾಕ್ ಈಸ್ ಯೂ' ಎಂದು ಹೊಂದಿಸಿದರೆ ಆಡುವವನು ಕಲ್ಲಾಗಿ ಉರುಳುತ್ತಾನೆ. 'ವಾಲ್ ಈಸ್ ಯೂ' ಎಂದರೆ ಗೋಡೆಗೆ ಗೋಡೆಯೇ ಎದ್ದು ನಡೆಯುತ್ತದೆ. 'ಬಾಬಾ ಈಸ್ ಯೂ' ಎಂಬ ವಾಕ್ಯವನ್ನೇ ಅಜಾಗರೂಕತೆಯಿಂದ ಮುರಿದರೆ? ಆಡಲು ಯಾರೂ ಉಳಿಯುವುದಿಲ್ಲ. ಸಂಗೀತ ನಿಲ್ಲುತ್ತದೆ. ಒಂದು ಹೆಜ್ಜೆ ಹಿಂದಕ್ಕೆ ಹೋಗುವ ಗುಂಡಿಯೊಂದೇ ಗತಿ.

ಎರಡು ದಿನಗಳಲ್ಲಿ ಹುಟ್ಟಿದ್ದನ್ನು ಮಾರಾಟಕ್ಕೆ ಯೋಗ್ಯವಾಗಿಸಲು ಎರಡು ವರ್ಷ ಹಿಡಿಯಿತು. ಇಂತಹ ಆಟವನ್ನು ಕಟ್ಟುವವನ ಸಂಕಟ ವಿಚಿತ್ರವಾದುದು. ಉತ್ತರ ತನಗೆ ಮೊದಲೇ ಗೊತ್ತಿರುವುದರಿಂದ, ಒಗಟು ಎಷ್ಟು ಕಷ್ಟವೆಂಬುದು ಅವನಿಗೆ ಮಾತ್ರ ತಿಳಿಯದು. ಅನ್ಯರಿಂದ ಆಡಿಸಿ, ಅವರು ಎಡವುವ ಕಡೆಯನ್ನು ನೋಡುತ್ತ ಕುಳಿತಿರಬೇಕು. ಪದಗಳಿಗೇ ಆಳುವ ಅಧಿಕಾರವನ್ನು ಕೊಟ್ಟಮೇಲಂತೂ, ಕರ್ತೃವಿಗೆ ಹೊಳೆಯದ ಕಳ್ಳದಾರಿಗಳು ಆಡುವವನಿಗೆ ಹೊಳೆಯುತ್ತವೆ. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಹೀಗೆ ಸೋಸಿ ಸೋಸಿ 200ಕ್ಕೂ ಹೆಚ್ಚು ಒಗಟುಗಳು ಉಳಿದವು. ಎಲ್ಲವನ್ನೂ ಬಿಡಿಸಿಯೇ ಮುಂದೆ ಸಾಗಬೇಕೆಂಬ ಹಟವನ್ನು ಕರ್ತೃ ಇಟ್ಟುಕೊಳ್ಳಲಿಲ್ಲ. ಕೆಲವನ್ನು ಬಿಟ್ಟು ಮುಂದಿನ ಪ್ರದೇಶಕ್ಕೆ ಹೋಗಬಹುದು. ಪರೀಕ್ಷಾ ಮಂಡಲಿಗಳೂ ಈ ಔದಾರ್ಯವನ್ನು ಕಲಿಯಬಹುದಿತ್ತೇನೋ.

ಮಾರುಕಟ್ಟೆಯ ವಿಚಾರವೂ ಸುಲಭದ್ದಲ್ಲ. ಕಂಪ್ಯೂಟರಿನ ಆಟಗಳ ದೊಡ್ಡ ಅಂಗಡಿಯೆಂದರೆ 'ಸ್ಟೀಮ್'. 2017ರ ನಿಯಮದಂತೆ ಒಂದು ಆಟವನ್ನು ಅಲ್ಲಿ ಇಡಲು 100 ಡಾಲರುಗಳ ಶುಲ್ಕ. 1000 ಡಾಲರುಗಳ ಮಾರಾಟವಾದರೆ ಆ ಹಣ ಮರಳಿ ಬರುತ್ತದೆ. ಸಾಮಾನ್ಯವಾಗಿ ಆದಾಯದಲ್ಲಿ ಶೇಕಡ 30ರಷ್ಟು ಅಂಗಡಿಯ ಪಾಲು. ಇಷ್ಟಾದರೆ ಚಿಂತೆಯಿಲ್ಲ. ಕೊಂಡವನು 14 ದಿನಗಳೊಳಗೆ, ಎರಡು ಗಂಟೆಗಳಿಗಿಂತ ಕಡಮೆ ಆಡಿದ್ದರೆ, ಆಟವನ್ನು ಹಿಂದಿರುಗಿಸಿ ತನ್ನ ಹಣವನ್ನು ಪಡೆಯಬಹುದು. ಓಡುವ, ಗುಂಡು ಹಾರಿಸುವ ಆಟಕ್ಕೆ ಇದರಿಂದ ಅಷ್ಟು ಭಯವಿರಲಾರದು. ಒಗಟಿನ ಆಟಕ್ಕಾದರೋ, ಮೊದಲ ಒಂದು ಗಂಟೆಯಲ್ಲಿಯೇ ತಲೆ ಕೆಟ್ಟವನು ಎದ್ದುಹೋದನೆಂದರೆ ಎರಡು ವರ್ಷದ ದುಡಿಮೆ ಅವನ ಪಾಲಿಗೆ ಇಲ್ಲವೆಂದೇ ಆಯಿತು. ಸುಲಭ ಮಾಡಿದರೆ ರುಚಿಯಿಲ್ಲ. ಕಷ್ಟ ಮಾಡಿದರೆ ಗಿರಾಕಿಯಿಲ್ಲ.

ತೇಯ್ಕರಿಯವರಿಗೆ ಒಂದು ಆಸರೆಯಿತ್ತು. ಬಿಡುಗಡೆಗೆ ಒಂದು ವರ್ಷ ಮೊದಲೇ, 2018ರ ಸ್ವತಂತ್ರ ಆಟಗಳ ಉತ್ಸವದಲ್ಲಿ, ವಿನ್ಯಾಸದ ಪ್ರಶಸ್ತಿಯೂ ಉತ್ತಮ ವಿದ್ಯಾರ್ಥಿ ಕೃತಿಯೆಂಬ ಮನ್ನಣೆಯೂ ದೊರೆತಿದ್ದವು. ಕೊನೆಗೆ 2019ರ ಮಾರ್ಚ್ 13ರಂದು ಆಟ ಹೊರಬಿದ್ದಿತು. ಮಕ್ಕಳು ಗೀಚಿದಂತಹ ನಡುಗುವ ಗೆರೆಗಳ ಚಿತ್ರವನ್ನು ನೋಡಿ ನಕ್ಕವರೂ ರಾತ್ರಿಯೆಲ್ಲ ಕುಳಿತು ಆಡಿರಬೇಕು. ವಿಮರ್ಶಕರಂತೂ ಮನಸಾರೆ ಹೊಗಳಿದರು.

ವ್ಯಾಕರಣ ಬಲ್ಲವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಫಿನ್ನಿಷ್ ಭಾಷೆಗೆ 15 ವಿಭಕ್ತಿಗಳನ್ನು ಹೇಳುತ್ತಾರೆ. ಏಳಕ್ಕೇ ಗೋಳಾಡುವ ನಮ್ಮ ಮಕ್ಕಳು ಸಮಾಧಾನಪಡಬಹುದು! ಅಂತಹ ನುಡಿಯಲ್ಲಿ ಬೆಳೆದವರು ಆಟಕ್ಕೆ ಆರಿಸಿಕೊಂಡದ್ದು ಇಂಗ್ಲಿಷನ್ನು. ಅಲ್ಲಿ ನಾಮಪದ ಎಲ್ಲಿ ಕುಳಿತರೂ ರೂಪ ಕೆಡದು, ಹಲಗೆಯಂತೆ ಎತ್ತಿಡಬಹುದು. ಇನ್ನು ಆ 'ಈಸ್' ಎಂಬ ನಡುವಣ ಹಲಗೆ. ಒಗಟುಗಳ ಅರ್ಧ ಚಮತ್ಕಾರ ಅದನ್ನು ಕದಿಯುವುದರಲ್ಲಿ, ಉಳಿಸುವುದರಲ್ಲಿ, ಅಡ್ಡಕ್ಕೂ ಉದ್ದಕ್ಕೂ ಒಂದನ್ನೇ ದುಡಿಸುವುದರಲ್ಲಿ ಇದೆ. ಕನ್ನಡದಲ್ಲಿ 'ಅವನು ರಾಮ' ಎಂದರೆ ವಾಕ್ಯ ಮುಗಿಯಿತು. ನಡುವೆ ಕ್ರಿಯಾಪದ ಬೇಕಿಲ್ಲ. 'ಗೋಡೆ ತಡೆ' ಎಂಬ ಎರಡೇ ಹಲಗೆಗಳಿಂದ ಆಟವನ್ನು ಕಟ್ಟುವುದಾದರೆ, ಬಾಬಾ ತಳ್ಳಬೇಕಾದ ನಡುವಣ ಹಲಗೆಯೇ ಇರುವುದಿಲ್ಲ. ಒಗಟುಗಳನ್ನೆಲ್ಲ ಹೊಸದಾಗಿಯೇ ಹೂಡಬೇಕಾಗುತ್ತದೆ. 2021ರಲ್ಲಿ, ಆಡುವವರೇ ತಮ್ಮ ಒಗಟುಗಳನ್ನು ಕಟ್ಟಿಕೊಳ್ಳಲು ಬೇಕಾದ ಸಲಕರಣೆಯನ್ನು ತೇಯ್ಕರಿಯವರು ಆಟಕ್ಕೆ ಸೇರಿಸಿದರು.